ಅಜ್ಜಿಯ ಪೆಟ್ಟಿಗೆ ತೆಗೆದದ್ದು

ನಮ್ಮ ಮನೆಯಲ್ಲಿ ಮೌಸ್ ಮುಟ್ಟುವುದೆಂದರೆ ಸೋಮಾರಿತನ. ಅದು ಅಪ್ಪನ ತೀರ್ಪು, ಮೇಲ್ಮನವಿಗೆ ಅವಕಾಶವಿರಲಿಲ್ಲ. ಕೀಲಿಮಣೆಯ ಮೇಲೆ ಇಟ್ಟ ಕೈ ಕೆಲಸ ಮುಗಿಯುವ ತನಕ ಅಲ್ಲಿಂದ ಏಳಬಾರದು. ಕಿಟಕಿಯ ಚಿತ್ರವಿರುವ ಗುಂಡಿಯ ಜೊತೆ ಡಿ ಒತ್ತಿದರೆ ಹರಡಿಕೊಂಡದ್ದೆಲ್ಲ ಕೆಳಗಿಳಿದು ಪರದೆ ಖಾಲಿಯಾಗುತ್ತದೆ. ಎಫ್ ಟು ಒತ್ತಿದರೆ ಫೈಲಿನ ಹೆಸರು ಬದಲಿಸಬಹುದು. ಆಲ್ಟ್ ಹಿಡಿದು ಟ್ಯಾಬ್ ಒತ್ತಿದರೆ ಒಂದು ಕೆಲಸದಿಂದ ಇನ್ನೊಂದಕ್ಕೆ ಹಾರಬಹುದು. ತಪ್ಪು ಮಾಡಿದರೆ ಕಂಟ್ರೋಲ್ ಝಡ್. ಬೇರೆ ಮನೆಯ ಮಕ್ಕಳು ಮಗ್ಗಿ ಒಪ್ಪಿಸುವ ಹೊತ್ತಿಗೆ ನಾನು ಇವುಗಳನ್ನು ಒಪ್ಪಿಸುತ್ತಿದ್ದೆ. ಅಪ್ಪ ವಾರವಿಡೀ ಕೊಚ್ಚಿಯಲ್ಲಿ, ನಾವು ತಿರುವನಂತಪುರದಲ್ಲಿ. ಶುಕ್ರವಾರ ಸಂಜೆ ಅವನು ತಂಪಾನೂರಿನಲ್ಲಿ ರೈಲಿಳಿದು, ಬಸ್ಸು ಹಿಡಿದು ಉಳ್ಳೂರಿನ ಮನೆಯ ಮೆಟ್ಟಿಲು ಹತ್ತುವಾಗ ಚೀಲದಲ್ಲಿ ಹಲ್ವಾ ಇದ್ದರೂ ಇರಬಹುದು, ಇಲ್ಲದಿರಲೂಬಹುದು, ಆದರೆ ಹೊಸದೊಂದು ಗುಂಡಿಯ ಉಪಾಯ ಮಾತ್ರ ತಪ್ಪದೆ ಬರುತ್ತಿತ್ತು. ನಾನು ಹಲ್ವಾಕ್ಕೇ ಹೆಚ್ಚು ಕಾಯುತ್ತಿದ್ದೆ, ಸುಳ್ಳೇಕೆ ಹೇಳಲಿ.

ಆ ಕಂಪ್ಯೂಟರು ಕೊಚ್ಚಿಯ ಯಾವುದೋ ವಕೀಲರ ಕಚೇರಿಯಲ್ಲಿ ದುಡಿದು ಸುಸ್ತಾಗಿ ನಮ್ಮ ಮನೆಗೆ ಬಂದಿತ್ತು. ಬಾಡಿಗೆಯ ಮಹಡಿಮನೆ ನಮ್ಮದು. ದಪ್ಪ ಪಿನ್ನಿನ ಪ್ಲಗ್ಗು ಹಿಡಿಯುವ ಸಾಕೆಟ್ಟು ಇದ್ದದ್ದು ಊಟದ ಕೋಣೆಯಲ್ಲಿ, ಅದೂ ದೇವರ ಗೂಡಿನ ಪಕ್ಕದಲ್ಲಿ. ಹಾಗಾಗಿ ಕಂಪ್ಯೂಟರು, ದೇವರು, ಉಪ್ಪಿನಕಾಯಿ ಭರಣಿ ಮೂರೂ ಒಂದೇ ಗೋಡೆಗೆ ಒರಗಿಕೊಂಡಿದ್ದವು. ಅಪ್ಪ ಕಾಸರಗೋಡಿನವನು. ಕೋರ್ಟಿನ ಕಾಗದಗಳನ್ನು ಮಲಯಾಳದಿಂದ ಕನ್ನಡಕ್ಕೂ ಕನ್ನಡದಿಂದ ಮಲಯಾಳಕ್ಕೂ ತಿರುಗಿಸುವುದು ಅವನ ಕೆಲಸ. ಒಂದು ಪದ ಆಚೀಚೆಯಾದರೆ ಒಬ್ಬನ ಜಾಗ ಇನ್ನೊಬ್ಬನ ಪಾಲಾಗುತ್ತದೆ ಎಂದು ಹೇಳುತ್ತಿದ್ದ. ಅಮ್ಮ ಮೈಸೂರಿನವಳು, ಇಲ್ಲಿನ ಒಂದು ಕೇಂದ್ರ ಸಂಸ್ಥೆಯಲ್ಲಿ ಉದ್ಯೋಗಿ. ಇಬ್ಬರ ಕನ್ನಡವೂ ಕನ್ನಡವೇ, ಆದರೆ ಅವನು 'ಉಂಟು' ಅನ್ನುವಲ್ಲಿ ಅವಳು 'ಇದೆ' ಅನ್ನುತ್ತಿದ್ದಳು, ಅವನು ದಪ್ಪ ಕುಚ್ಚಿಲಕ್ಕಿ ಕೇಳಿದರೆ ಅವಳು ಬಿಳಿಯ ಬೆಳ್ತಿಗೆ ಅಕ್ಕಿ ಬೇಯಿಸುತ್ತಿದ್ದಳು. ನಾನು ಇಬ್ಬರಿಗೂ ಮಲಯಾಳದಲ್ಲಿ ಉತ್ತರ ಕೊಡುತ್ತಿದ್ದೆ.

ಒಂದು ದಿನ ಅಪ್ಪ ಕೊಚ್ಚಿಯಿಂದ ಫೋನು ಮಾಡಿದ. ಅವನಿಗೆ ತುರ್ತಾಗಿ ಒಂದು ವಾಕ್ಯ ಬೇಕಿತ್ತು.

"ನನ್ನ ಭಾಷಾಂತರ ಉಂಟಲ್ಲ, ಎದುರಿಗೇ ಕಾಣ್ತದೆ ನೋಡು. ಅದನ್ನೊಮ್ಮೆ ತೆಗಿ."

"ಹೂಂ, ತೆಗೆದೆ," ಎಂದಳು ಅಮ್ಮ.

"ಈಗ ಎಂತ ಕಾಣ್ತದೆ?"

"ಏನೂ ಕಾಣಿಸ್ತಿಲ್ಲ. ತೆಗಿ ಅಂದ್ರಲ್ಲ, ತೆಗೆದೆ."

ಆ ಕಡೆಯಿಂದ ಬಂದ ಕೂಗು ನನಗೂ ಕೇಳಿಸಿತು. ಕಂಟ್ರೋಲ್ ಝಡ್ ಒತ್ತಿದ ಮೇಲೆ ಫೈಲು ವಾಪಸು ಬಂತು, ಅಪ್ಪನ ಜೀವವೂ ಬಂತು. ಆ ಶುಕ್ರವಾರ ಊಟಕ್ಕೆ ಕೂತಾಗ ಅವನು ಕಾನೂನು ಹೊರಡಿಸಿದ. ಕನ್ನಡದಲ್ಲಿ ಬಾಗಿಲು ತೆಗೆ ಅಂದರೂ ತೆಗೆ, ಕಸ ತೆಗೆ ಅಂದರೂ ತೆಗೆ. ಇನ್ನು ಮೇಲೆ ಈ ಯಂತ್ರದ ಎದುರು 'ತೆಗಿ' ಎಂಬ ಮಾತೇ ಕೂಡದು. ತೆರೆಯುವುದಾದರೆ ಓಪನ್, ಅಳಿಸುವುದಾದರೆ ಡಿಲೀಟ್. ಶಿಫ್ಟ್ ಹಿಡಿದು ಡಿಲೀಟ್ ಒತ್ತಿದರೆ ಕಸದ ಬುಟ್ಟಿಗೂ ಹೋಗದೆ ನೇರ ಮಾಯವಾಗುತ್ತದೆ, ಅದನ್ನು ತನ್ನನ್ನು ಕೇಳದೆ ಯಾರೂ ಒತ್ತಬಾರದು.

"ದಿನವಿಡೀ ಮಾತು ತೂಗೋರು ನೀವು," ಅಂದಳು ಅಮ್ಮ, "ಮನೆಗೆ ಬಂದ್ರೆ ಮಾತ್ರ ತಕ್ಕಡಿ ಕೊಚ್ಚೀಲೇ ಬಿಟ್ಟು ಬರ್ತೀರ."

ಎಲ್ಲರೂ ನಕ್ಕೆವು. ಈಗ ನನಗೂ ಕೂದಲು ನರೆಯತೊಡಗಿದೆ. ಯಾರಾದರೂ ನನ್ನೆದುರು 'ತೆಗಿ' ಅಂದರೆ 'ಯಾವ ತೆಗಿ?' ಎಂದು ಕೇಳಿಯೇ ಕೇಳುತ್ತೇನೆ. ಇದೆಂಥ ಚಾಳಿ ಇವಳದ್ದು ಎಂದು ಜನ ಮುಖ ನೋಡುತ್ತಾರೆ. ನೋಡಿಕೊಳ್ಳಲಿ.

ಈ ಕಾನೂನು ಬಂದ ಮೇಲೆ ನಮ್ಮ ಮನೆಗೆ ಅಜ್ಜಿ ಬಂದಳು, ಅಪ್ಪನ ಅಮ್ಮ. ಗಂಟಲು ಕಟ್ಟಿ ತಿಂಗಳುಗಟ್ಟಲೆಯಾದರೂ ಬಿಡಲಿಲ್ಲವೆಂದು, ಉಳ್ಳೂರಿನ ಹತ್ತಿರ ದೊಡ್ಡ ಆಸ್ಪತ್ರೆಗಳಿವೆಯೆಂದು, ಅಪ್ಪನೇ ಹೋಗಿ ಕರೆತಂದ. ಅಜ್ಜಿಯ ಸ್ವರ ಒಡೆದಿತ್ತು, ಮಾತು ಮಾತ್ರ ಒಂದಿಷ್ಟೂ ಕಡಿಮೆಯಾಗಿರಲಿಲ್ಲ. ಬೆಳಿಗ್ಗೆ ಎದ್ದು ಒಲೆಯ ಜೊತೆ, ಆಮೇಲೆ ದೇವರ ಜೊತೆ, ಆಮೇಲೆ ನಾನು ಚೇಚಿ, ಅಂದರೆ ಅಕ್ಕ, ಎಂದು ಕರೆಯುತ್ತಿದ್ದ ಕೆಳಗಿನ ಮನೆಯವಳ ಜೊತೆ ಮಾತಾಡುತ್ತಿದ್ದಳು. ಚೇಚಿ ಮಲಯಾಳದಲ್ಲಿ, ಇವಳು ಕನ್ನಡದಲ್ಲಿ, ಇಬ್ಬರಿಗೂ ಏನೂ ತೊಂದರೆಯಿರಲಿಲ್ಲ. ಅಮ್ಮನ ಬಿಳಿ ಅನ್ನ ನೋಡಿ 'ಇದೆಂತ ಮಾರಾಯ್ತಿ, ಹಲ್ಲಿಗೇ ಸಿಕ್ಕುದಿಲ್ಲ' ಎಂದಳು. ಮೂರನೆಯ ದಿನವೇ ಕುಚ್ಚಿಲಕ್ಕಿಗೆ ಬೇರೆ ಪಾತ್ರೆ ಬಂತು. ಗಂಜಿಯ ಬಟ್ಟಲು ಹಿಡಿದು ಕಂಪ್ಯೂಟರಿನ ಎದುರಿನ ಕುರ್ಚಿಯಲ್ಲೇ ಅವಳು ಕೂರುತ್ತಿದ್ದಳು, ಯಾಕೆಂದರೆ ಫ್ಯಾನಿನ ಗಾಳಿ ಅಲ್ಲಿಗೇ ಚೆನ್ನಾಗಿ ಬರುತ್ತಿತ್ತು. ದೇವರಿಗೆ ಕುಂಕುಮ ಇಟ್ಟ ಬೆರಳಿನಲ್ಲಿ ಉಳಿದದ್ದನ್ನು ಕಂಪ್ಯೂಟರಿಗೂ ಒರೆಸುತ್ತಿದ್ದಳು. ಒಮ್ಮೆ ನಾನು ಅದನ್ನು ಬಂದ್ ಮಾಡುವಾಗ ನೋಡಿದಳು.

"ಅಲ್ಲಿ ಎಂತ ಬರ್ದಿದೆ?"

"ಸ್ಟಾರ್ಟ್. ಅಂದ್ರೆ ಶುರು," ಎಂದ ಅಪ್ಪ. "ನಿಲ್ಲಿಸ್ಲಿಕ್ಕೂ ಅದನ್ನೇ ಒತ್ತಬೇಕು. ತಲೆ ಇಲ್ಲ ಮಾಡಿದವರಿಗೆ."

"ಅದು ಸರಿಯೇ ಅಲ್ವಾ ಮಗಾ? ಹೋಗುವಾಗ ನಾವು ಹೋಗ್ತೇನೆ ಅಂತ ಹೇಳ್ತೇವಾ? ಬರ್ತೇನೆ ಅಂತಲೇ ಹೇಳುದಲ್ವಾ?"



ಪರೀಕ್ಷೆಗಳೆಲ್ಲ ಮುಗಿದ ಮೇಲೆ ಡಾಕ್ಟರು ಅಪ್ಪ ಅಮ್ಮನನ್ನು ಕೂರಿಸಿಕೊಂಡು ಮಲಯಾಳದಲ್ಲಿ ಎಲ್ಲವನ್ನೂ ಬಿಡಿಸಿ ಹೇಳಿದರಂತೆ. ಗಂಟಲಿನಲ್ಲಿ ಕ್ಯಾನ್ಸರು. ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆದುಹಾಕಬೇಕು. ಜೀವ ಉಳಿಯುತ್ತದೆ, ಮಾತು ಉಳಿಯುವುದಿಲ್ಲ. ಇದನ್ನು ಅಜ್ಜಿಗೆ ತಿಳಿಸಿ ಎಂದು ಅವರೇ ಹೇಳಿದ್ದರು. ಮಲಯಾಳದಿಂದ ಕನ್ನಡಕ್ಕೆ ತಿರುಗಿಸುವುದು ಅಪ್ಪನಿಗೆ ಅನ್ನ ಕೊಡುವ ಕೆಲಸ. ಆ ರಾತ್ರಿ ಊಟಕ್ಕೆ ಕೂತಾಗ ಅವನು ತಿರುಗಿಸಿದ್ದು ಇಷ್ಟೇ.

"ಗಂಟಲಿನ ಒಳಗೆ ಒಂದು ಪೆಟ್ಟಿಗೆ ಉಂಟಂತೆ ಅಮ್ಮಾ. ಅದನ್ನು ತೆಗೀಬೇಕಂತೆ."

ಅಜ್ಜಿ ಗಂಜಿಯ ಬಟ್ಟಲನ್ನು ಕೆಳಗಿಟ್ಟಳು. "ತೆಗ್ದು ನೋಡಿ ಮತ್ತೆ ಮುಚ್ತಾರಾ?"

ಅಪ್ಪ ತಟ್ಟೆಯಲ್ಲಿದ್ದ ಅನ್ನಕ್ಕೆ ಮಜ್ಜಿಗೆ ಸುರಿದುಕೊಂಡ. ಕಲಸಿದ, ಮತ್ತೂ ಕಲಸಿದ. ಕೊನೆಗೆ, "ಡಾಕ್ಟ್ರು ಒಳ್ಳೆಯವರು," ಎಂದ. ಅಮ್ಮ ಸಾರಿನ ಪಾತ್ರೆ ಎತ್ತಿಕೊಂಡು ದಡದಡ ಅಡುಗೆಮನೆಗೆ ಹೋದಳು. ಅಪ್ಪ ಕೈ ತೊಳೆಯಲು ಹೋದಾಗ ಅವಳ ದನಿ ನನಗೆ ಕೇಳಿಸಿತು.

"ಹೇಳ್ಬೇಕು ರೀ ಅವರಿಗೆ. ಅವರ ಗಂಟಲು ಅದು, ನಿಮ್ಮದಲ್ಲ."

"ಹೇಳ್ತೇನೆ."

"ಯಾವಾಗ?"

"ಹೇಳ್ತೇನೆ ಅಂದೆನಲ್ಲ!"

ಅವನು ಹೇಳಲಿಲ್ಲ. ಅದರ ಬದಲು ಮುಂದಿನ ಶುಕ್ರವಾರ ಕೊಚ್ಚಿಯಿಂದ ಒಂದು ಮೈಕು ತಂದ. ಅಜ್ಜಿಯ ಮಾತನ್ನೆಲ್ಲ ಕಂಪ್ಯೂಟರಿನಲ್ಲಿ ಹಿಡಿದಿಡುವುದು ಅವನ ಯೋಚನೆ. ಆ ಹಳೆಯ ಯಂತ್ರದಲ್ಲಿ ಧ್ವನಿ ಹಿಡಿಯಲು ಒಂದು ಸಣ್ಣ ಸಾಧನವಿತ್ತು, ಕೆಂಪು ಗುಂಡಿ ಒತ್ತಿದರೆ ಹಸಿರು ಗೆರೆ ಕುಣಿಯುತ್ತಿತ್ತು. ಆದರೆ ಒಂದು ನಿಮಿಷವಾದ ಕೂಡಲೇ ಅದು ತಾನಾಗಿ ನಿಂತುಬಿಡುತ್ತಿತ್ತು. ಅಷ್ಟನ್ನು ಒಂದು ಫೈಲು ಮಾಡಿ ಉಳಿಸಿ, ಮತ್ತೆ ಹೊಸದು ಶುರು ಮಾಡಬೇಕು. ಎಲ್ಲ ಫೈಲುಗಳನ್ನೂ ಹಾಕಿಡಲು ಅಪ್ಪ ಅಜ್ಜಿಯ ಹೆಸರಿನಲ್ಲಿ ಒಂದು ಫೋಲ್ಡರು ಮಾಡಿದ. ಹಳದಿ ಬಣ್ಣದ ಆ ಚಿತ್ರವನ್ನು ಬೆರಳಿನಿಂದ ತೋರಿಸಿ, "ಇದು ನಿನ್ನ ಪೆಟ್ಟಿಗೆ ಅಮ್ಮಾ, ನಿನ್ನ ಮಾತೆಲ್ಲ ಇದರೊಳಗೆ," ಎಂದ.

ಅಜ್ಜಿ ಮೈಕಿನ ಎದುರು ಬಾಯಿ ಬಿಡಲಿಲ್ಲ. ಅಷ್ಟು ಮಾತಿನ ಹೆಂಗಸು, ತುಟಿ ಹೊಲಿದವಳ ಹಾಗೆ ಕೂತಳು. ಅಪ್ಪ ಬೇಡಿದ, ಸಿಟ್ಟುಮಾಡಿಕೊಂಡ.

"ಹೂಂಗುಟ್ಟುವವರು ಇಲ್ಲದೆ ಯಾರ ಹತ್ರ ಮಾತಾಡುದು? ನನಗೆ ಹುಚ್ಚು ಹಿಡಿದಿದೆಯಾ?" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ನೀ ಬಾ ಮಗಾ, ಇಲ್ಲಿ ಕೂರು. ನೀ ಕೇಳು, ನಾ ಹೇಳ್ತೇನೆ."

ಹಾಗೆ ನಾನು ಅಜ್ಜಿಯ ಪಕ್ಕದ ಸ್ಟೂಲಿನಲ್ಲಿ ಕೂತೆ. ಅವಳು ಏನೋ ಕೇಳಿದಳು, ನಾನು ಅಭ್ಯಾಸದಂತೆ "ಅರಿಯಿಲ್ಲ" ಎಂದೆ. ಗೊತ್ತಿಲ್ಲ ಎನ್ನುವುದಕ್ಕೆ ಮಲಯಾಳದ ಮಾತು ಅದು. ಅಜ್ಜಿ ಮೈಕಿಗೆ ಕೈ ಅಡ್ಡ ಹಿಡಿದು ಪಿಸುಗುಟ್ಟಿದಳು, "ಕನ್ನಡದಲ್ಲಿ ಹೇಳು. ಪಾಪ, ಯಂತ್ರಕ್ಕೆ ಗೊತ್ತಾಗ್ಬೇಕಲ್ಲ." ನಾನು ನಂಬಿದೆ. ಯಂತ್ರಕ್ಕೆ ಅರ್ಥವಾಗಲೆಂದು ನಾಲಿಗೆ ತಿರುಚಿ, ತಡವರಿಸಿ, ನಾನು ಬಾಯಿಬಿಟ್ಟು ಆಡಿದ ಮೊದಲ ಕನ್ನಡ ಅದು. ಅಲ್ಲಿಯವರೆಗೆ ಕನ್ನಡ ನನ್ನ ಕಿವಿಯಲ್ಲಿ ಮಾತ್ರ ಇತ್ತು. ಅಜ್ಜಿ ತಾನು ಮದುವೆಯಾಗಿ ಬಂದ ದಿನ ದೋಣಿಯಲ್ಲಿ ವಾಂತಿ ಮಾಡಿಕೊಂಡದ್ದನ್ನು ಹೇಳಿದಳು, ಅಪ್ಪ ಚಿಕ್ಕವನಿದ್ದಾಗ ಬೆಲ್ಲ ಕದ್ದು ಸಿಕ್ಕಿಬಿದ್ದದ್ದನ್ನು ಹೇಳಿದಳು, ಸೌತೆಕಾಯಿ ಹುಳಿಗೆ ಕೊತ್ತಂಬರಿ ಹುರಿಯುವ ಹದ ಹೇಳಿದಳು. ಕತೆ ರುಚಿಗೆ ಬಂದಾಗಲೇ ನಿಮಿಷ ಮುಗಿದು ಹಸಿರು ಗೆರೆ ನಿಲ್ಲುತ್ತಿತ್ತು. 'ಮರ್ಯಾದೆ ಇಲ್ಲದ್ದು! ಮಾತಿನ ನಡುವೆ ಎದ್ದು ಹೋಗ್ತದೆ,' ಎಂದು ಅಜ್ಜಿ ಬೈಯುತ್ತಿದ್ದಳು. ಆ ಬೈಗುಳ ಯಾವ ಫೈಲಿನಲ್ಲೂ ಸಿಗಲಿಲ್ಲ. ವಾರದ ದಿನಗಳಲ್ಲಿ ಕಾಪಿ ಕುಡಿದ ಮೇಲೆ, "ನನ್ನ ಪೆಟ್ಟಿಗೆ ತೆಗಿ ಮಗಾ," ಎಂದು ನನ್ನನ್ನು ಕರೆಯುತ್ತಿದ್ದಳು. ಅಪ್ಪನ ಕಾನೂನು ಅವಳಿಗೆ ಗೊತ್ತಿರಲಿಲ್ಲ. ಅಪ್ಪನೋ ಆಗೆಲ್ಲ ಕೊಚ್ಚಿಯಲ್ಲಿರುತ್ತಿದ್ದ, ಶನಿವಾರ ಭಾನುವಾರ ಯಂತ್ರ ಅವನ ಕೆಲಸಕ್ಕೇ ಬೇಕಾಗುತ್ತಿತ್ತು, ಅವಳು ಹಾಗೆ ಕರೆಯುವುದನ್ನು ಅವನು ಕೇಳಿದ್ದೇ ಇಲ್ಲ.

ಆಸ್ಪತ್ರೆಗೆ ಸೇರುವ ಹಿಂದಿನ ಸಂಜೆ ಅಜ್ಜಿ ಹೆಚ್ಚು ಹೇಳಲಿಲ್ಲ. ನಿಮಿಷ ಮುಗಿಯುವ ಮೊದಲೇ ಮೈಕನ್ನು ಒಮ್ಮೆ ತಟ್ಟಿ, "ಆಯ್ತು ಮಗಾ, ನಾನಿನ್ನು ಬರ್ತೇನೆ," ಎಂದಳು. ಯಂತ್ರ ಅವಳ ಮಾತನ್ನು ತುಂಡರಿಸದೆ ಬಿಟ್ಟದ್ದು ಅದೊಂದೇ ಸಲ. ನನಗೆ ಅವಳ ಸ್ಟಾರ್ಟಿನ ಮಾತು ನೆನಪಾಯಿತು. ಕಂಪ್ಯೂಟರು ಶುರುವಾಗುವಾಗ, ನಿಲ್ಲುವಾಗ ಬರುವ ಸದ್ದುಗಳನ್ನು ಬದಲಿಸುವುದು ನಾನೇ ತಡಕಾಡಿ ಕಲಿತಿದ್ದ ವಿದ್ಯೆ. ಆ ಒಂದು ವಾಕ್ಯವನ್ನು ಬೇರೆ ಮಾಡಿ, ಯಂತ್ರ ತನ್ನ ಸ್ವಂತ ಸದ್ದುಗಳನ್ನು ಇಟ್ಟುಕೊಳ್ಳುವ ಜಾಗದಲ್ಲಿ ಇಟ್ಟು, ನಿಲ್ಲುವಾಗಿನ ಸದ್ದಾಗಿ ಮಾಡಿದೆ. ಕಂಪ್ಯೂಟರು ಆರುವಾಗ "ಆಯ್ತು ಮಗಾ, ನಾನಿನ್ನು ಬರ್ತೇನೆ" ಎಂದಿತು. ಅಜ್ಜಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮರುದಿನ ಅವಳನ್ನು ಆಸ್ಪತ್ರೆಗೆ ಸೇರಿಸಿ ಬಂದ ಸಂಜೆ ಆ ಸದ್ದು ಕೇಳಿದ ಅಮ್ಮ ಸೆರಗಿನಿಂದ ಕಣ್ಣೊತ್ತಿಕೊಂಡು ಸ್ಪೀಕರಿನ ಸ್ವಿಚ್ಚು ಆರಿಸಿದಳು. ಮತ್ತೆ ಯಾರೂ ಅದನ್ನು ಹಾಕಲು ಹೋಗಲಿಲ್ಲ. ಮನೆಯಲ್ಲಿ ಓಡಾಟ, ಗಂಜಿಯ ಫ್ಲಾಸ್ಕು, ಆಸ್ಪತ್ರೆಯ ವಾಸನೆ. ಅದರ ನಡುವೆ ಆ ಸದ್ದಿನ ವಿಷಯ ನಾನೂ ಮರೆತೆ.

ಆಪರೇಷನ್ನು ಸರಿಯಾಗಿಯೇ ಆಯಿತು. ಆ ವಾರ ಅಪ್ಪ ಕೊಚ್ಚಿಯಿಂದ ಬಂದವನು ಚಪ್ಪಲಿಯನ್ನೂ ಕಳಚದೆ ಅಮ್ಮನಿಗೆ ಹೇಳಿದ, "ನಿಮಿಷ ಮುಗಿದು ನಿಂತ ಕೂಡ್ಲೇ ಆ ಕೆಂಪು ಗುಂಡಿಯನ್ನೇ ಮತ್ತೊಮ್ಮೆ ಒತ್ತಬೇಕಿತ್ತಂತೆ. ಅಲ್ಲಿಂದಲೇ ಮುಂದುವರೀತದಂತೆ. ಎಷ್ಟು ಹೊತ್ತು ಬೇಕಾದ್ರೂ!" ಅಷ್ಟು ಸುಲಭದ ಉಪಾಯ. ಹೇಳಿ ಅವನು ಅಲ್ಲೇ ಬಾಗಿಲಲ್ಲಿ ಕುಳಿತುಬಿಟ್ಟ. ನನಗೆ ಅಪ್ಪನ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು, ಅಳುವೂ ಬಂತು.

ಅಜ್ಜಿ ಮನೆಗೆ ಬಂದಾಗ ಕುತ್ತಿಗೆಯಲ್ಲಿ ಒಂದು ತೂತು, ಅದರ ಮೇಲೆ ತೆಳು ಬಟ್ಟೆ. ಬಾಯಿ ಅಲ್ಲಾಡುತ್ತಿತ್ತು, ಸ್ವರ ಬರುತ್ತಿರಲಿಲ್ಲ. ನನ್ನ ಮ್ಯಾಜಿಕ್ ಸ್ಲೇಟನ್ನು ಅವಳಿಗೆ ಕೊಟ್ಟೆವು, ಕಡ್ಡಿಯಿಂದ ಬರೆದು ಮೇಲಿನ ಹಾಳೆ ಎತ್ತಿದರೆ ಬರೆದದ್ದೆಲ್ಲ ಅಳಿಸಿಹೋಗುವ ಆಟಿಕೆ. 'ನೀರು', 'ಸಾಕು', 'ಚೇಚಿ ಬಂದಳಾ' ಎಂದು ಬರೆಯುತ್ತಿದ್ದಳು. ಮಾತಿನಲ್ಲಿ ಅಷ್ಟು ಧಾರಾಳಿ, ಬರಹದಲ್ಲಿ ಒಂದಕ್ಷರ ಹೆಚ್ಚಿಗೆ ಖರ್ಚು ಮಾಡುತ್ತಿರಲಿಲ್ಲ. ಒಂದು ಶುಕ್ರವಾರ ಸಂಜೆ ಅಪ್ಪ ಬಾಗಿಲು ಓರೆ ಮಾಡಿಕೊಂಡು, ಸ್ಪೀಕರು ಹಾಕಿ, ಫೈಲುಗಳೆಲ್ಲ ಸರಿಯಾಗಿವೆಯೇ ಎಂದು ತೀರಾ ಸಣ್ಣ ಸದ್ದಿನಲ್ಲಿ ಒಂದನ್ನು ಕೇಳಿ ನೋಡಿದ. ಒಳಗಿನ ಕೋಣೆಯಲ್ಲಿ ಅಜ್ಜಿಯ ಕಾಲು ತಿಕ್ಕುತ್ತಿದ್ದ ನನಗೆ ಕೇಳಿಸಿತು. ಅಜ್ಜಿಗೂ ಕೇಳಿಸಿತು. ಅವಳು ಗೋಡೆಯ ಕಡೆ ಹೊರಳಿ ಮಲಗಿದಳು, ಬೆನ್ನು ಅಲುಗುತ್ತಿತ್ತು. ಅಪ್ಪ ಬಾಗಿಲಲ್ಲಿ ಬಂದು ನಿಂತು ನೋಡಿದ. ಹಿಂದಕ್ಕೆ ಹೋಗಿ ಎಲ್ಲವನ್ನೂ ಆರಿಸಿದ, ಸ್ಪೀಕರನ್ನು ಮೊದಲು.

ಮರುದಿನ ಬೆಳಿಗ್ಗೆ ಕಾಪಿ ಕುಡಿದ ಮೇಲೆ ಅಜ್ಜಿ ಸ್ಲೇಟಿನಲ್ಲಿ ಬರೆದು ಅಪ್ಪನಿಗೆ ತೋರಿಸಿದಳು. ಲೋಟ ತೆಗೆದುಕೊಳ್ಳಲು ಬಂದಿದ್ದ ಅಮ್ಮನೂ ಬಗ್ಗಿ ಓದಿದಳು.

'ನನ್ನ ಪೆಟ್ಟಿಗೆ ತೆಗಿ.'

ಅಜ್ಜಿ ಹಾಳೆ ಎತ್ತಿದಳು, ಅಕ್ಷರಗಳು ಹೋದವು. ಅಪ್ಪ ಎದ್ದು ಊಟದ ಕೋಣೆಗೆ ಹೋದ. ಅಮ್ಮ ಅಜ್ಜಿಯ ತಲೆ ಬಾಚತೊಡಗಿದಳು, ಒಗೆದ ಸೀರೆ ಉಡಿಸಿದಳು, ಕುಂಕುಮ ಇಟ್ಟಳು. ನನ್ನ ಕೈಯಲ್ಲಿ ದಿಂಬು ಕೊಟ್ಟು ಆ ಕುರ್ಚಿಗೆ ಹಾಕಲು ಹೇಳಿದಳು. ನಾವು ಅಜ್ಜಿಯನ್ನು ಮೆಲ್ಲನೆ ನಡೆಸಿಕೊಂಡು ಹೋದಾಗ ಅಪ್ಪ ಕುರ್ಚಿ ಬಿಟ್ಟೆದ್ದು ಕಿಟಕಿಯ ಹತ್ತಿರ ನಿಂತಿದ್ದ, ಬೆನ್ನು ನಮ್ಮ ಕಡೆಗೆ. ಅಜ್ಜಿ ಕುರ್ಚಿಯಲ್ಲಿ ಕೂತು ಸೆರಗು ಸರಿಮಾಡಿಕೊಂಡಳು. ನೆಂಟರ ಎದುರು ಕೂರುವ ಹಾಗೆ ನೆಟ್ಟಗೆ ಕೂತಳು. ಅಮ್ಮ ಸ್ಪೀಕರಿನ ಸ್ವಿಚ್ಚು ಹಾಕಿದಳು.

"ತೆಗೆದ್ರಾ?" ಎಂದು ಕೇಳಿದಳು.

"ತೆಗ್ದೆ," ಎಂದ ಅಪ್ಪ, ಹಿಂದೆ ತಿರುಗದೆ.

"ಎಲ್ಲಿ? ಕಾಣಿಸ್ತಿಲ್ವಲ್ಲ."

ಅಪ್ಪ ತಿರುಗಿದ. ಕುರ್ಚಿಯಲ್ಲಿ ಕೂತ ಅಜ್ಜಿಯನ್ನು ನೋಡಿದ, ಬಾಚಿದ ತಲೆ ನೋಡಿದ, ಸ್ಪೀಕರಿನಲ್ಲಿ ಉರಿಯುತ್ತಿದ್ದ ಹಸಿರು ದೀಪ ನೋಡಿದ. ಓಡಿಬಂದು ಕಂಟ್ರೋಲ್ ಝಡ್ ಒತ್ತಿದ. ಮತ್ತೆ ಒತ್ತಿದ. ಕಸದ ಬುಟ್ಟಿ ತೆರೆದ, ಖಾಲಿ. ಅಮ್ಮ ಕೇಳಿದ ಮೇಲೆ ಹೇಳಿದ. ಬುಟ್ಟಿಯಲ್ಲಿ ಉಳಿದರೂ ಉಳಿದಂತೆಯೇ, ತಾಯಿ ಹೇಳಿದ್ದನ್ನು ಅರ್ಧ ಮಾಡಬಾರದು ಎಂದು ಶಿಫ್ಟ್ ಹಿಡಿದೇ ಒತ್ತಿದ್ದನಂತೆ. ಖಚಿತವೇ ಎಂದು ಯಂತ್ರ ಕೇಳಿತ್ತಂತೆ, ಹೌದು ಎಂದಿದ್ದನಂತೆ. ಅಜ್ಜಿಯ ದೋಣಿ, ಬೆಲ್ಲ, ಹುಳಿಯ ಹದ ಎಲ್ಲ ಹೋಯಿತು. ನನ್ನ ಮೊದಲ ಕನ್ನಡವೂ ಅದರ ಜೊತೆಗೇ ಹೋಯಿತು. ತಂಪಾನೂರಿನ ಒಂದು ಅಂಗಡಿಯವರು ಆಮೇಲೆ ಕಂಪ್ಯೂಟರನ್ನು ಬಿಚ್ಚಿ ನೋಡಿ ಆಗುವುದಿಲ್ಲವೆಂದು ತಲೆಯಾಡಿಸಿದರು.

ಆ ಬೆಳಿಗ್ಗೆ ಅಪ್ಪ ಅಜ್ಜಿಯ ಕುರ್ಚಿಯ ಹತ್ತಿರ ನೆಲದ ಮೇಲೆ ಕೂತ.

"ಅಮ್ಮಾ, ನಾನದನ್ನು ಅಳಿಸಿಬಿಟ್ಟೆ. ನಿನ್ನೆ ನೀನು ಅತ್ತದ್ದು ನೋಡಿ, ನಿನಗೆ ಬೇಡ ಆಯ್ತು ಅಂತ ತಿಳ್ಕೊಂಡೆ." ಆಮೇಲೆ, "ಆಸ್ಪತ್ರೆಯದ್ದೂ ನಾನು ಸರಿಯಾಗಿ ಹೇಳ್ಲಿಲ್ಲ. ತೆಗೀತಾರೆ ಅಂದೆ, ಅಷ್ಟೇ. ಮತ್ತೆ ಮುಚ್ತಾರಾ ಅಂತ ನೀನು ಕೇಳಿದ್ಯಲ್ಲ, ನನಗೆ ಬಾಯಿಯೇ ಬರ್ಲಿಲ್ಲ ಅಮ್ಮಾ," ಎಂದು ಮಗುವಿನ ಹಾಗೆ ಅತ್ತ.

ಅಜ್ಜಿ ನನ್ನ ಕಡೆ ಕೈ ಚಾಚಿದಳು. ಸ್ಲೇಟು ಕೊಟ್ಟೆ. ಬರೆದು ಅಪ್ಪನ ಮುಖದೆದುರು ಹಿಡಿದಳು.

'ಗೊತ್ತಿತ್ತು.'

ಹಾಳೆ ಎತ್ತಿ ಮತ್ತೆ ಬರೆದಳು.

'ಇಲ್ಲದಿದ್ರೆ ಯಂತ್ರದ ಹತ್ರ ಯಾಕೆ ಮಾತಾಡ್ತಿದ್ದೆ?'

ಮಾತು ಹೋಗುತ್ತದೆಂಬುದನ್ನು ಮಗನ ಬಾಯಿಂದ ಹೇಳಿಸಬಾರದೆಂದೇ ಅವಳು ಆ ರಾತ್ರಿ 'ಮತ್ತೆ ಮುಚ್ತಾರಾ' ಎಂದು ಕೇಳಿದ್ದೆಂದು ಅಮ್ಮ ಬಹಳ ವರ್ಷಗಳ ನಂತರ ನನಗೆ ಹೇಳಿದಳು. ಆಗ ನನಗೆ ಅಷ್ಟೆಲ್ಲ ತಿಳಿಯಲಿಲ್ಲ. ಅಜ್ಜಿ ಅಪ್ಪನ ತಲೆಯ ಮೇಲೆ ಕೈಯಿಟ್ಟದ್ದು, ಆಮೇಲೆ ಆ ಕೈಯನ್ನೇ ಎತ್ತಿ ಯಂತ್ರವನ್ನು ತೋರಿಸಿ, ಸಾಕು, ಆರಿಸು ಎಂಬಂತೆ ಅಲ್ಲಾಡಿಸಿದ್ದು ಕಂಡೆ. ಅಪ್ಪ ಕಣ್ಣೊರೆಸಿಕೊಂಡು ಎದ್ದ. ಅಷ್ಟಾದರೂ ಮೌಸ್ ಮುಟ್ಟಲಿಲ್ಲ. ಕಿಟಕಿಯ ಗುಂಡಿ ಒತ್ತಿದ, ಯು ಒತ್ತಿದ, ಮತ್ತೊಮ್ಮೆ ಯು ಒತ್ತಿದ. ಪರದೆ ಮಂಕಾಯಿತು. ಸ್ಪೀಕರು ಹಾಕಿಯೇ ಇತ್ತು.

"ಆಯ್ತು ಮಗಾ, ನಾನಿನ್ನು ಬರ್ತೇನೆ."

ಅಮ್ಮ ನನ್ನ ಭುಜವನ್ನು ಗಟ್ಟಿಯಾಗಿ ಹಿಡಿದುಕೊಂಡಳು, ನೋಯುವಷ್ಟು. ಅಪ್ಪ ನನ್ನ ಮುಖ ನೋಡಿದ, ಅಜ್ಜಿಯ ಮುಖ ನೋಡಿದ. ಅಜ್ಜಿ ಸ್ಲೇಟಿನ ಹಾಳೆ ಎತ್ತಿ ಒಂದೇ ಪದ ಬರೆದಳು. 'ಮತ್ತೊಮ್ಮೆ.' ಅಪ್ಪ ಯಂತ್ರವನ್ನು ಮತ್ತೆ ಹಾಕಿದ. ಅದು ಮುಲುಗುತ್ತ, ಗುರುಗುಡುತ್ತ, ಎಂದಿನ ಹಾಗೆ ನಿಧಾನವಾಗಿ ಎದ್ದಿತು. ಪೆಟ್ಟಿಗೆಯ ಹೊರಗೆ ಉಳಿದಿದ್ದ ಆ ಒಂದೇ ಫೈಲನ್ನು ನೇರವಾಗಿ ತೆರೆದು ಕೇಳುವ ದಾರಿ ನನಗೆ ಗೊತ್ತಿತ್ತು, ಅಪ್ಪನಿಗೂ ಗೊತ್ತಿತ್ತು. ಇಬ್ಬರೂ ಅದರ ಮಾತೆತ್ತಲಿಲ್ಲ. ಪೂರ್ತಿ ಎದ್ದು ನಿಂತ ಮೇಲೆ ಅಪ್ಪ ಅದನ್ನು ಆರಿಸಿದ. ಈ ಸಲ ನಾನು ಸ್ಪೀಕರನ್ನು ನೋಡದೆ ಅಜ್ಜಿಯನ್ನೇ ನೋಡುತ್ತಿದ್ದೆ. ಸ್ವರ ಅಲ್ಲಿಂದ ಬಂತು, ತುಟಿ ಇಲ್ಲಿ ಅಲ್ಲಾಡಿತು, ಒಂದಕ್ಷರವೂ ಹಿಂದೆ ಮುಂದೆ ಆಗಲಿಲ್ಲ.